ಕಾವ್ಯಸಂಗ್ರಹಗಳೂ ಕಾಲೇಜಿನ ಪಾಠವೂ

ನಮ್ಮ ಪ್ರಾಚೀನ ಕಾವ್ಯಗಳನ್ನು ಕಾಲೇಜಿನ ತರಗತಿಗಳಲ್ಲಿ ಬೋಧಿಸತಕ್ಕವರಿಗೆ ಮೂರು ತೊಡಕುಗಳು ಎದುರಾಗುವುವು. ಗ್ರಂಥವು ವಿದ್ಯಾರ್ಥಿಯ ಕೈಗೆ ಸುಲಭವಾಗಿ ದೊರೆಯದು. ದೊರೆತರೆ ಅದರ ಬೆಲೆ ಅನೇಕರ ಶಕ್ತಿಗೆ ಮೀರಿದುದು. ಕೊಂಡು ತಂದರೂ ಓದಿ ಸವಿಯುವುದಕ್ಕೆ ಭಾಷೆ ಅಡ್ಡವಾಗಿ ನಿಲ್ಲುವುದು. ಇದರ ಫಲವಾಗಿ ವಿದ್ಯಾರ್ಥಿಯು ಪರೀಕ್ಷೆಯ ಮಾರ್ಗದರ್ಶಿಯೊಂದನ್ನು ಕೊಂಡು, ಕವಿಯ ಒಂದು ಪದ್ಯವನ್ನೂ ಬಾಯಿತುಂಬ ಓದದೆಯೇ ತೇರ್ಗಡೆಯಾಗುವನು. ಈ ತೊಡಕುಗಳಿಗೆ ನಮ್ಮ ಹಿರಿಯರು ಕಂಡುಕೊಂಡ ಪರಿಹಾರಗಳಲ್ಲಿ ಕಾವ್ಯಸಂಗ್ರಹವು ಮುಖ್ಯವಾದುದು. ಅದರ ಗುಣದೋಷಗಳನ್ನು ವಿವೇಚಿಸಿ, ಆ ಕಾರ್ಯವನ್ನು ಇಂದು ಹೇಗೆ ಮುಂದುವರಿಸಬಹುದೆಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಕನ್ನಡ ಎಂ.ಎ. ತರಗತಿಯು 1927ರಲ್ಲಿ ಆರಂಭವಾಯಿತು. ಆಗ ಅಧ್ಯಾಪಕರಿಗೆ ಪಾಠ ಹೇಳುವುದರ ಜೊತೆಗೆ ಪಾಠಕ್ಕೆ ಬೇಕಾದ ಪುಸ್ತಕಗಳನ್ನು ಸಿದ್ಧಪಡಿಸುವ ಹೊಣೆಯೂ ಬಿದ್ದಿತು. ರೈಸರು 1898ರಲ್ಲಿ ಅಚ್ಚು ಹಾಕಿಸಿದ್ದ ಪಂಪಭಾರತವು ಕನ್ನಡ ಸಾಹಿತ್ಯ ಪರಿಷತ್ತಿನಿಂದ ಪರಿಷ್ಕೃತವಾಗಿ ಹೊರಬಂದುದು 1931ರಲ್ಲಿ. ಟಿ. ಎಸ್. ವೆಂಕಣ್ಣಯ್ಯನವರೂ ಎ. ಆರ್. ಕೃಷ್ಣಶಾಸ್ತ್ರಿಗಳೂ ಕೂಡಿ ಸಂಪಾದಿಸಿದ ಹರಿಶ್ಚಂದ್ರಕಾವ್ಯ ಸಂಗ್ರಹವು ಈ ಶ್ರಮದ ಉತ್ತಮ ಫಲಗಳಲ್ಲಿ ಒಂದು. ದೊಡ್ಡ ಕಾವ್ಯವನ್ನು ಕವಿಯ ಮಾತಿನಲ್ಲಿಯೇ ಇಟ್ಟು, ಕಥೆ ಕಡಿಯದಂತೆ ಚಿಕ್ಕದು ಮಾಡುವುದು ಇಂಥ ಸಂಗ್ರಹಗಳ ಕ್ರಮ. ಪುಸ್ತಕ ಚಿಕ್ಕದಾದರೆ ಬೆಲೆ ಇಳಿಯುವುದು. ಒಂದು ವರ್ಷದ ಪಾಠಕ್ಕೆ ಅಳವಡುವುದು. ವಿದ್ಯಾರ್ಥಿಗೆ ಒಂದು ಕಾವ್ಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆನೆಂಬ ತೃಪ್ತಿಯೂ ಉಂಟಾಗುವುದು. ಈ ಉಪಕಾರವು ಸಾಮಾನ್ಯವಾದುದಲ್ಲ.

ಆದರೆ ಸಂಗ್ರಹದ ಮಾರ್ಗವು ಕ್ರಮೇಣ ಇಳಿಜಾರಿನ ಮಾರ್ಗವಾಯಿತು. ಕಾವ್ಯದ ಬದಲು ಸಂಗ್ರಹ, ಸಂಗ್ರಹದ ಬದಲು ಒಂದು ಪ್ರಸಂಗ, ಪ್ರಸಂಗದ ಬದಲು ಹತ್ತಿಪ್ಪತ್ತು ಪದ್ಯಗಳು, ಪದ್ಯಗಳ ಬದಲು ಅವುಗಳ ಸಾರಾಂಶ—ಹೀಗೆ ಪಠ್ಯವು ಸಣ್ಣದಾಗುತ್ತ ಬಂದಿದೆ. ಇದರಿಂದ ಆಗುವ ನಷ್ಟವು ಪುಟಗಳ ನಷ್ಟ ಮಾತ್ರವಲ್ಲವೆಂಬುದನ್ನು ರಾಘವಾಂಕನ ಕಾವ್ಯದಿಂದಲೇ ತೋರಿಸಬಹುದು. ಪಠ್ಯಕ್ಕೆಂದು ಆರಿಸುವವರ ಕಣ್ಣು ಸಹಜವಾಗಿ ಶ್ಮಶಾನದ ಭಾಗದ ಮೇಲೆ ಬೀಳುವುದು. ಹಾವು ಕಚ್ಚಿ ಸತ್ತ ಲೋಹಿತಾಶ್ವನ ಮುಂದೆ ಚಂದ್ರಮತಿಯು ಗೋಳಿಡುವ ಪದ್ಯಗಳು ಯಾರ ಮನಸ್ಸನ್ನಾದರೂ ಕರಗಿಸುವುವು. ಆದರೆ ಆ ಭಾಗವನ್ನು ಮಾತ್ರ ಓದಿದವನಿಗೆ ಹರಿಶ್ಚಂದ್ರನು ಕಷ್ಟಕ್ಕೆ ಸಿಕ್ಕಿದ ಒಬ್ಬ ಸತ್ಯವಂತನಾಗಿ ಕಾಣುವನೇ ಹೊರತು ಬೇರೆ ಏನೂ ಆಗನು. ಅವನು ರಾಜ್ಯವನ್ನು ಏಕೆ ಕಳೆದುಕೊಂಡನು? ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿಸಿದ ಅನಾಮಿಕ ಕನ್ಯೆಯರು ಹಾಡಿ ಕುಣಿದು ಮೆಚ್ಚಿಸಿ, ಮೊದಲು ಅವನ ಬೆಳ್ಗೊಡೆಯನ್ನೂ ಬಳಿಕ ಅವನ ಕೈಯನ್ನೂ ಬೇಡಿದರು. ಅವನು ಕುಲವನ್ನು ಎತ್ತಿ ಹೇಳಿ ನಿರಾಕರಿಸಿದನು. ಅವರನ್ನು ವರಿಸುವುದಕ್ಕಿಂತ ರಾಜ್ಯವನ್ನೇ ಕೊಟ್ಟುಬಿಡುವೆನೆಂದನು. ಅದೇ ಅರಸನು ಕೊನೆಯಲ್ಲಿ ಕಾಶಿಯಲ್ಲಿ ವೀರಬಾಹುಕನೆಂಬ ಅನಾಮಿಕನಿಗೆ ಆಳಾಗಿ ಸುಡುಗಾಡನ್ನು ಕಾಯುವನು. ಯಾವ ಸ್ಪರ್ಶವನ್ನು ಒಲ್ಲೆನೆಂದು ಸಿಂಹಾಸನವನ್ನು ಬಿಟ್ಟನೋ ಆ ಮನೆಯ ಊಳಿಗವೇ ಅವನ ಸತ್ಯವನ್ನು ಉಳಿಸುವ ಆಸರೆಯಾಯಿತು. ಕಾವ್ಯದ ಕೀಲು ಇರುವುದು ಇಲ್ಲಿ. ಎರಡು ಕೊನೆಗಳನ್ನೂ ಕೂಡಿಸಿ ಓದಿದವನಿಗೆ ಶ್ಮಶಾನದ ಕರುಣೆಯು ವಿಚಾರವಾಗಿ ಮಾರ್ಪಡುವುದು. ಒಂದನ್ನೇ ಓದಿದವನಿಗೆ ಅದು ಕಣ್ಣೀರಾಗಿ ಒಣಗುವುದು. ಇಂದಿನ ವಿದ್ಯಾರ್ಥಿಗೆ ಕಾವ್ಯದಲ್ಲಿ ಆಸಕ್ತಿ ಹುಟ್ಟಬೇಕಾದರೆ ಹುಟ್ಟತಕ್ಕುದು ಈ ಪ್ರಶ್ನೆಯಿಂದಲೇ. ಸುಲಭವಾಗಲೆಂದು ಕತ್ತರಿಸಿದ ಪಠ್ಯವು ಆಸಕ್ತಿಯ ಬೇರನ್ನೇ ಕತ್ತರಿಸಿದಂತಾಯಿತು.

ಹಾಗಾದರೆ ಭಾಷೆಯ ತೊಡಕಿಗೆ ಪರಿಹಾರವೇನು? ಕಾವ್ಯವನ್ನು ಕಿರಿದುಮಾಡುವುದಕ್ಕಿಂತ ಕಾವ್ಯಕ್ಕೆ ಮೆಟ್ಟಿಲು ಕಟ್ಟುವುದು ಮೇಲು. ಡಿ. ಎಲ್. ನರಸಿಂಹಾಚಾರ್ಯರ ಪಂಪಭಾರತ ದೀಪಿಕೆಯು ಇದಕ್ಕೆ ಆದರ್ಶವಾಗಿದೆ. ಅದನ್ನು ಹಿಡಿದವನು ಅರ್ಥವನ್ನು ತಿಳಿದು ಮತ್ತೆ ಪದ್ಯಕ್ಕೆ ಹಿಂದಿರುಗುವನು. ಪೇಟೆಯ ಮಾರ್ಗದರ್ಶಿಯನ್ನು ಹಿಡಿದವನು ಪದ್ಯದಿಂದ ದೂರ ಸರಿಯುವನು. ಎರಡೂ ಸಹಾಯಕ ಗ್ರಂಥಗಳೇ. ಆದರೆ ಒಂದು ಬಾಗಿಲು, ಇನ್ನೊಂದು ಗೋಡೆ.

ಇನ್ನು ಬೆಲೆಯ ಮಾತು. ರಾಘವಾಂಕನಿಗಾಗಲಿ ಪಂಪನಿಗಾಗಲಿ ಗ್ರಂಥಸ್ವಾಮ್ಯದ ನಿರ್ಬಂಧವಿಲ್ಲ. 1957ರ ಕಾಯಿದೆಯಂತೆ ಲೇಖಕನು ಗತಿಸಿದ ಮೇಲೆ 60 ವರ್ಷಗಳವರೆಗೆ ಸ್ವಾಮ್ಯವಿರುವುದು. ಇಬ್ಬರು ಕೂಡಿ ಬರೆದುದಾದರೆ ಕೊನೆಯಲ್ಲಿ ಗತಿಸಿದವರಿಂದ ಲೆಕ್ಕ. ಕೃಷ್ಣಶಾಸ್ತ್ರಿಗಳು 1968ರಲ್ಲಿ ಗತಿಸಿದುದರಿಂದ ಅವರೂ ವೆಂಕಣ್ಣಯ್ಯನವರೂ ಕೂಡಿ ಬರೆದ ಬರಹಗಳ ಸ್ವಾಮ್ಯವು 2028ರ ಕೊನೆಯವರೆಗೆ ನಡೆಯುವುದು. ಬೋಧನೆಯ ಸಂಬಂಧದಲ್ಲಿ ಆ ಕಾಯಿದೆಯೇ ವಿನಾಯಿತಿಯನ್ನು ಕೊಟ್ಟಿದೆ. ಪಾಠಕ್ಕೆ ಅವಶ್ಯವಾದಷ್ಟು ಭಾಗಗಳನ್ನು ಪ್ರತಿಮಾಡಿಕೊಳ್ಳುವುದು ಇದರೊಳಗೆ ಸೇರುವುದೆಂದು ದೆಹಲಿಯ ಉಚ್ಚ ನ್ಯಾಯಾಲಯವು 2016ರಲ್ಲಿ ತೀರ್ಪಿತ್ತಿತು. ಆದುದರಿಂದ ಮೂಲಕಾವ್ಯವನ್ನು ವಿದ್ಯಾರ್ಥಿಗೆ ಉಚಿತವಾಗಿ ಒದಗಿಸುವುದಕ್ಕೆ ಕಾಯಿದೆಯು ಅಡ್ಡಿಯಲ್ಲ. ನಮ್ಮ ಆಲಸ್ಯವೇ ಅಡ್ಡಿ.

ಅಂತರ್ಜಾಲದಲ್ಲಿ ಹಳೆಯ ಪುಸ್ತಕಗಳ ಛಾಯಾಪ್ರತಿಗಳು ಸಿಕ್ಕುವುವಲ್ಲವೆ ಎಂದು ಕೆಲವರು ಕೇಳಬಹುದು. ಛಾಯಾಪ್ರತಿಯಲ್ಲಿ ಪುಟದ ಚಿತ್ರವಿರುವುದೇ ಹೊರತು ಅಕ್ಷರವಿರುವುದಿಲ್ಲ. ಅದರಲ್ಲಿ ಒಂದು ಪದವನ್ನು ಹುಡುಕಲಾಗದು. ಕಣ್ಣಿಲ್ಲದ ವಿದ್ಯಾರ್ಥಿಗೆ ಪುಟವನ್ನು ಓದಿಹೇಳುವ ಯಂತ್ರಕ್ಕೂ ಅದು ಬರಿಯ ಮೌನ. ಯೂನಿಕೋಡ್ ಅಕ್ಷರಗಳಲ್ಲಿ ಹೊಸದಾಗಿ ಜೋಡಿಸಿದ ಪಾಠವೇ ಎಲ್ಲರಿಗೂ ಒದಗತಕ್ಕುದು. ಆದರೆ ಈ ಕಾರ್ಯದಲ್ಲಿ ಎಚ್ಚರ ಬೇಕು. ಱ, ೞ ಎಂಬ ಅಕ್ಷರಗಳಿಗೆ ಯೂನಿಕೋಡಿನಲ್ಲಿ ಸ್ಥಾನವಿದ್ದರೂ ಬೆರಳಚ್ಚು ಮಾಡುವವರು ಸುಲಭವೆಂದು ರ, ಳಗಳನ್ನೇ ಬಳಸಿಬಿಡುವುದುಂಟು. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಜೀವಿಸು, ‘ಬಾಳ್’ ಎಂದರೆ ಕತ್ತಿ. ಅಗ್ಗದ ಪಠ್ಯವು ಅಶುದ್ಧವೂ ಆದರೆ ವಿದ್ಯಾರ್ಥಿಯು ಬದುಕನ್ನು ಕತ್ತಿಯೆಂದು ಓದಿಕೊಂಡಾನು. ಉಚಿತವಾದುದೆಂಬ ಕಾರಣಕ್ಕೆ ಪಾಠಶುದ್ಧಿಯಲ್ಲಿ ರಿಯಾಯಿತಿ ಕೂಡದು.

ಕೊನೆಯದಾಗಿ ರುಚಿಯ ವಿಷಯ. ನಮ್ಮ ಕಾವ್ಯಗಳು ಕಿವಿಗಾಗಿ ಹುಟ್ಟಿದುವು. ವಾರ್ಧಕ ಷಟ್ಪದಿಯ ಐದೈದು ಮಾತ್ರೆಗಳ ನಡೆಯನ್ನು ಅಧ್ಯಾಪಕರು ಗಟ್ಟಿಯಾಗಿ ಓದಿ ತೋರಿಸಿದರೆ, ಎಲ್ಲಿ ಪದ ಒಡೆಯುವುದು, ಎಲ್ಲಿ ಅರ್ಥ ನಿಲ್ಲುವುದು ಎಂಬುದರ ಅರ್ಧವು ವ್ಯಾಖ್ಯಾನವಿಲ್ಲದೆಯೇ ತಿಳಿಯುವುದು. ಗಮಕಿಗಳು ಇದನ್ನು ತಲೆಮಾರುಗಳಿಂದ ಬಲ್ಲರು. ಕಾಲೇಜುಗಳು ಮಾತ್ರ ಮರೆತಿವೆ. ಓದಿದ ಧ್ವನಿಯನ್ನು ಮುದ್ರಿಸಿ ಪಾಠದ ಜೊತೆಗೆ ಕೊಡುವುದು ಇಂದು ಹೆಚ್ಚು ಖರ್ಚಿನ ಕೆಲಸವಲ್ಲ.

ನಮ್ಮ ಸೂಚನೆಯು ಇಷ್ಟೇ: ಒಂದೊಂದು ಕಾಲೇಜಿನ ಕನ್ನಡ ಅಧ್ಯಾಪಕರು ಒಂದೊಂದು ಸ್ಥಲವನ್ನೋ ಆಶ್ವಾಸವನ್ನೋ ವಹಿಸಿಕೊಳ್ಳಲಿ, ಶುದ್ಧವಾದ ಪಾಠ, ಪದವಿಭಾಗ, ಅರ್ಥ, ಗಟ್ಟಿಯಾಗಿ ಓದಿದ ಧ್ವನಿ—ಈ ನಾಲ್ಕನ್ನೂ ಸಿದ್ಧಪಡಿಸಿ, ಬಲ್ಲವರಿಂದ ತಿದ್ದಿಸಿ, ಎಲ್ಲರಿಗೂ ಬಿಟ್ಟುಕೊಡಲಿ. ಪರೀಕ್ಷೆಯಲ್ಲಿ ಸಾರಾಂಶವನ್ನು ಕೇಳುವುದರ ಬದಲು ಓದದ ಒಂದು ಪದ್ಯವನ್ನು ಕೊಟ್ಟು ಅರ್ಥ ಕೇಳಲಿ. ಅಚ್ಚಿನ ಮೊಳೆಗಳನ್ನು ಬಿಟ್ಟು ಬೇರೆ ಸಾಧನವಿಲ್ಲದಿದ್ದ ಕಾಲದಲ್ಲಿ ಹಿರಿಯರು ಸಂಗ್ರಹಗಳನ್ನು ಮಾಡಿಕೊಟ್ಟರು. ಅವರಿಗೆ ಕಿರಿದುಮಾಡದೆ ವಿಧಿಯಿರಲಿಲ್ಲ. ನಮಗೆ ಆ ನೆವವಿಲ್ಲ.