ಸಮಾಪ್ತಿವಿಚಾರ: ವಿಡಿಯೋ ಗೇಮುಗಳ ಬಿಡುಗಡೆಯೂ ಪರಿಪೂರ್ಣತೆಯೂ

ಗ್ರಂಥವೊಂದು ಎಲ್ಲಿ ಮುಗಿಯಿತೆಂಬುದನ್ನು ಹೇಳುವುದು ಹಿಂದಿನ ಲಿಪಿಕಾರನಿಗೆ ಕಷ್ಟವಾಗಿರಲಿಲ್ಲ. ಕಡೆಯ ಗರಿಯಲ್ಲಿ ಸಮಾಪ್ತಿವಾಕ್ಯವನ್ನು ಬರೆದು, ಸಂವತ್ಸರ ಮಾಸ ತಿಥಿಗಳನ್ನು ಸೂಚಿಸಿ, ಕಟ್ಟನ್ನು ಬಿಗಿದನೆಂದರೆ ಆ ಪ್ರತಿಯ ಮಟ್ಟಿಗೆ ಗ್ರಂಥವು ಮುಗಿದಂತೆಯೇ. ಅನಂತರದವರು ಮಾಡಿದ ತಿದ್ದುಪಡಿಯು ಅಂಚಿನಲ್ಲಿಯೋ ಬೇರೊಂದು ಪ್ರತಿಯಲ್ಲಿಯೋ ಕಾಣಿಸಿಕೊಳ್ಳುತ್ತಿತ್ತು. ಮೊದಲಿನ ಪಾಠವೂ ಅದರ ಪಕ್ಕದಲ್ಲಿ ಉಳಿದಿರುತ್ತಿದ್ದುದುಂಟು. ಕಥೆ, ಸಂಭಾಷಣೆ, ಚಿತ್ರ, ಸಂಗೀತ ಇವೆಲ್ಲವನ್ನೂ ಒಳಗೊಂಡು, ಆಡುವವನ ಕ್ರಿಯೆಯಿಂದಲೇ ಮುಂದುವರಿಯುವ ವಿಡಿಯೋ ಗೇಮಿನ ವಿಷಯದಲ್ಲಿ ಈ ವ್ಯವಸ್ಥೆಯು ತಲೆಕೆಳಗಾಗಿದೆ. ಬಿಡುಗಡೆಯ ದಿನದಲ್ಲಿ ಅಂತಹ ಕೃತಿಯು ನಿಜವಾಗಿ ಎಷ್ಟುಮಟ್ಟಿಗೆ ಸಿದ್ಧವಾಗಿರುತ್ತದೆ, ‘ಮುಗಿಯಿತು’ ಎಂಬ ಮಾತಿಗೆ ಅಲ್ಲಿ ಅರ್ಥವೇನು, ವಿಮರ್ಶಕನು ಯಾವ ಪಾಠವನ್ನು ಕೃತಿಯೆಂದು ಹಿಡಿದು ಗುಣದೋಷಗಳನ್ನು ನಿರ್ಣಯಿಸಬೇಕು ಎಂಬಿವು ಇಲ್ಲಿ ವಿಚಾರಣೀಯವಾದ ಅಂಶಗಳು.

ಮೊದಲು ಪರಿಭಾಷೆಯನ್ನು ತಿಳಿಯುವುದು ಅವಶ್ಯಕ. ಆಟದ ಮುಖ್ಯ ಅಂಗಗಳು ಕೂಡಿಬಂದು ಅದನ್ನು ಹೇಗಾದರೂ ಆಡಿ ನೋಡಬಹುದಾದ ಅವಸ್ಥೆಗೆ ಆಲ್ಫಾ ಎಂದು ಹೆಸರು. ಸೇರತಕ್ಕದ್ದೆಲ್ಲವೂ ಬಹುಮಟ್ಟಿಗೆ ಸೇರಿ, ಬಗ್ ಎಂದು ಕರೆಯಲ್ಪಡುವ ದೋಷಗಳ ನಿವಾರಣೆಯೇ ಮುಖ್ಯ ಕಾರ್ಯವಾಗಿ ಉಳಿದಾಗ ಅದು ಬೀಟಾ. ಆ ಮೇಲೆ ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೊದಲಾದ ಯಂತ್ರನಿರ್ಮಾಪಕರು ತಮ್ಮ ತಮ್ಮ ಕನ್ಸೋಲುಗಳಿಗೆ ವಿಧಿಸಿರುವ ನಿಯಮಗಳಿಗೆ ಆಟವು ಒಳಪಟ್ಟಿದೆಯೆ ಎಂದು ಪರೀಕ್ಷಿಸುವರು. ಈ ಪರೀಕ್ಷೆಯು ತಾಂತ್ರಿಕ ನಿಯಮಗಳಿಗೆ ಸಂಬಂಧಿಸಿದುದೇ ಹೊರತು ಕೃತಿಯ ಸೌಷ್ಠವಕ್ಕೆ ಸಂಬಂಧಿಸಿದುದಲ್ಲ. ಡಿಸ್ಕುಗಳನ್ನು ಅಚ್ಚುಮಾಡುವುದಕ್ಕಾಗಿ ಕಾರ್ಖಾನೆಗೆ ಒಪ್ಪಿಸುವ ಮೂಲಪ್ರತಿಗೆ ಗೋಲ್ಡ್ ಎಂದು ಹೆಸರು. ಡಿಸ್ಕುಗಳು ಅಚ್ಚಾಗಿ ಅಂಗಡಿಗಳಿಗೆ ತಲಪುವಷ್ಟರಲ್ಲಿ ಕೆಲವು ವಾರಗಳು ಕಳೆಯುವುವು. ಆ ವಾರಗಳಲ್ಲಿಯೂ ಕೆಲಸವು ನಿಲ್ಲುವುದಿಲ್ಲ. ಆಗ ಸಿದ್ಧವಾದ ತಿದ್ದುಪಡಿಗಳು ಬಿಡುಗಡೆಯ ದಿನವೇ ಅಂತರ್ಜಾಲದ ಮೂಲಕ ಪ್ಯಾಚ್ ಎಂಬ ಹೆಸರಿನಿಂದ ಬಂದು ಸೇರುವುವು. ಆದುದರಿಂದ ಕೊಂಡವನ ಕೈಯಲ್ಲಿರುವ ಡಿಸ್ಕಿನ ಪಾಠವೇ ಬೇರೆ, ಅವನು ಆಡುವ ಪಾಠವೇ ಬೇರೆ. ಅಚ್ಚಿಗೆ ಹೋದ ದಿನ, ಮಾರಾಟಕ್ಕೆ ಬಂದ ದಿನ, ಕರ್ತೃವು ಕೈಬಿಟ್ಟ ದಿನ ಈ ಮೂರನ್ನೂ ಸಮಾಪ್ತಿಯೆಂದು ಕರೆಯಬಹುದಾದುದರಿಂದಲೇ ವ್ಯವಹಾರದಲ್ಲಿ ಗೊಂದಲವುಂಟಾಗಿರುವುದು.

ಪೂರ್ವದಲ್ಲಿ ಹೀಗಿರಲಿಲ್ಲ. 1982ರಲ್ಲಿ ಅಟಾರಿ ಸಂಸ್ಥೆಯವರು ‘ಇ.ಟಿ.’ ಎಂಬ ಚಲಚ್ಚಿತ್ರವನ್ನು ಆಧರಿಸಿ ಹೊರಡಿಸಿದ ಆಟವನ್ನು ಹೋವರ್ಡ್ ಸ್ಕಾಟ್ ವಾರ್‌ಶಾ ಎಂಬಾತನು ಕ್ರಿಸ್‌ಮಸ್ ಹಬ್ಬದ ವ್ಯಾಪಾರಕ್ಕೆ ಒದಗಿಸುವುದಕ್ಕಾಗಿ ಸುಮಾರು ಐದು ವಾರಗಳಲ್ಲಿ ರಚಿಸಿದನು. ಕಾರ್ಟ್ರಿಜ್ಜಿನೊಳಗೆ ಒಮ್ಮೆ ಸೇರಿದುದನ್ನು ಮತ್ತೆ ತಿದ್ದುವಂತಿರಲಿಲ್ಲ. ಆಟವು ಸೋತಿತು, ಮಾರಾಟವಾಗದ ಪ್ರತಿಗಳು ಇತರ ಸರಕಿನೊಡನೆ 1983ರಲ್ಲಿ ನ್ಯೂ ಮೆಕ್ಸಿಕೋ ಪ್ರಾಂತದ ಅಲಮಗೋರ್ಡೋ ಊರಿನ ಕಸದ ಗುಂಡಿಯಲ್ಲಿ ಹೂಳಲ್ಪಟ್ಟುವು. 2014ರಲ್ಲಿ ಆ ಸ್ಥಳವನ್ನು ಅಗೆದಾಗ ಅವು ದೊರೆತುವು. ಮೂವತ್ತೊಂದು ವರ್ಷ ಮಣ್ಣಿನಲ್ಲಿದ್ದರೂ ಆ ಕೃತಿಯ ಪಾಠದಲ್ಲಿ ಒಂದಕ್ಷರವೂ ವ್ಯತ್ಯಾಸವಾಗಲಿಲ್ಲ. ಅಂದು ದೋಷವು ಶಾಶ್ವತವಾಗಿದ್ದಿತು. ದೋಷಕ್ಕೆ ಸಾಕ್ಷಿಯೂ ಶಾಶ್ವತವಾಗಿದ್ದಿತು. ಇಂದು ಇವೆರಡೂ ಒಟ್ಟಿಗೆ ಹೋಗಿವೆ.

ಇಂದಿನ ಸ್ಥಿತಿಗೆ ಪ್ರಮುಖವಾದ ಉದಾಹರಣೆಯು ಪೋಲೆಂಡಿನ ರಾಜಧಾನಿಯಾದ ವಾರ್ಸಾದ ಸಿಡಿ ಪ್ರಾಜೆಕ್ಟ್ ಸಂಸ್ಥೆಯವರ ‘ಸೈಬರ್‌ಪಂಕ್ 2077’. ಇದು 2012ರಲ್ಲಿ ಪ್ರಕಟಿಸಲ್ಪಟ್ಟು, 2020ರ ಏಪ್ರಿಲ್ 16ರಂದು ಹೊರಬರತಕ್ಕದ್ದೆಂದು ನಿಶ್ಚಯವಾಗಿದ್ದಿತು. 2020ರ ಜನವರಿಯಲ್ಲಿ ಸಂಸ್ಥೆಯವರು ಆಟವು ಪೂರ್ಣವಾಗಿದೆ, ಆಡಲು ಬರುತ್ತದೆ ಎಂದು ಹೇಳಿ, ಆದರೂ ಕೆಲಸ ಉಳಿದಿದೆಯೆಂದು ಬಿಡುಗಡೆಯನ್ನು ಸೆಪ್ಟೆಂಬರಿಗೆ ಮುಂದಕ್ಕೆ ಹಾಕಿದರು. ಜೂನ್ ತಿಂಗಳಲ್ಲಿ ವಸ್ತುವೂ ಆಟದ ಅಂಗಗಳೂ ಮುಗಿದಿವೆಯೆಂದು ಹೇಳಿ, ನವೆಂಬರ್ 19ಕ್ಕೆ ಮುಂದೂಡಿದರು. ಅಕ್ಟೋಬರ್ 5ರಂದು ಆಟವು ಗೋಲ್ಡ್ ಆಯಿತೆಂದು ಸಾರಿದರು. ಅದೇ ತಿಂಗಳ 27ರಂದು, ಗೋಲ್ಡ್ ಎಂದರೆ ಕೆಲಸ ನಿಂತಿತೆಂದು ಅರ್ಥವಲ್ಲವೆಂದು ವಿವರಿಸಿ, ಡಿಸೆಂಬರ್ 10ಕ್ಕೆ ಮತ್ತೊಮ್ಮೆ ಮುಂದೂಡಿದರು. ಈ ಪ್ರಕಟನೆಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದರೆ ಒಂದು ಸಂಗತಿಯು ವ್ಯಕ್ತವಾಗುತ್ತದೆ. ಜನವರಿಯಲ್ಲಿ ‘ಮುಗಿಯಿತು’ ಎಂಬುದಕ್ಕೆ ಆಡಲು ಸಾಧ್ಯವೆಂದು ಅರ್ಥ. ಜೂನಿನಲ್ಲಿ ಅಂಗಗಳು ಕೂಡಿದುವೆಂದು ಅರ್ಥ. ಅಕ್ಟೋಬರಿನಲ್ಲಿ ಅಚ್ಚಿಗೆ ಒಪ್ಪಿಸಿದೆವೆಂದು ಅರ್ಥ. ಒಂದೊಂದು ಮಾತೂ ತನ್ನ ಅರ್ಥದಲ್ಲಿ ಸುಳ್ಳಲ್ಲದಿರಬಹುದು. ಆದರೆ ಕೇಳುವವರು ಮೂರು ಕಡೆಯೂ ಒಂದೇ ಅರ್ಥವನ್ನು ಗ್ರಹಿಸಿದರು; ಅದು ಹೇಳಿದವರ ಅರ್ಥವಾಗಿರಲಿಲ್ಲ. ಒಂದರ್ಥದಲ್ಲಿ ಆಡಿದ ಮಾತನ್ನು ಇನ್ನೊಂದರ್ಥದಲ್ಲಿ ಹಿಡಿಯುವುದನ್ನು ನೈಯಾಯಿಕರು ಛಲವೆನ್ನುವರು. ಅಲ್ಲಿ ಛಲಮಾಡುವವನು ಪ್ರತಿವಾದಿ. ಇಲ್ಲಿ ಯಾರೂ ಛಲಮಾಡದೆ ಅದರ ಫಲ ಮಾತ್ರ ಒದಗಿತು.

ಬಿಡುಗಡೆಯ ದಿನ ಫಲವು ಪ್ರತ್ಯಕ್ಷವಾಯಿತು. 2013ರಲ್ಲಿ ಬಂದ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎಂಬ ಹಳೆಯ ಕನ್ಸೋಲುಗಳಲ್ಲಿ ಆಟವು ತಡವರಿಸಿತು, ನಡುವೆ ನಿಂತುಹೋಯಿತು. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ದೊರೆತುದು ಕಂಪ್ಯೂಟರಿನ ಪ್ರತಿ ಮಾತ್ರವಾದುದರಿಂದ ಅವರ ಪ್ರಶಂಸೆಯು ಕನ್ಸೋಲಿನಲ್ಲಿ ಆಡುವವರಿಗೆ ಪ್ರಮಾಣವಾಗಲಿಲ್ಲ. ಡಿಸೆಂಬರ್ 18ರಂದು ಸೋನಿಯವರು ತಮ್ಮ ಅಂತರ್ಜಾಲದ ಅಂಗಡಿಯಿಂದ ಅದನ್ನು ತೆಗೆದುಹಾಕಿದರು; ಅದು ಮರಳಿದುದು 2021ರ ಜೂನ್ 21ರಂದು. 2021ರ ಜನವರಿಯಲ್ಲಿ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬನಾದ ಮಾರ್ಚಿನ್ ಇವಿನ್ಸ್ಕಿಯು ಬಹಿರಂಗವಾಗಿ ಕ್ಷಮೆಯನ್ನು ಕೋರಿ, ಹಳೆಯ ಕನ್ಸೋಲುಗಳಿಗೆ ಆಟವನ್ನು ಹೊಂದಿಸುವ ಕಾರ್ಯದ ಭಾರವನ್ನು ಕಡಿಮೆಯಾಗಿ ಎಣಿಸಿದೆವೆಂದು ಒಪ್ಪಿಕೊಂಡನು.

ಇಂತಹ ಕೃತಿಗಳ ಸಮಾಪ್ತಿಯನ್ನು ಅಳೆಯಲು ಶಾಬ್ದಬೋಧದ ಸಾಮಗ್ರಿಯು ಉಪಯುಕ್ತವಾಗುತ್ತದೆ. ಪದಗಳ ಗುಂಪು ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಬೇಕೆಂಬುದು ತರ್ಕಶಾಸ್ತ್ರದ ಮೊದಲ ಪಾಠವನ್ನೋದಿದವರಿಗೂ ತಿಳಿದ ವಿಷಯ. ಒಂದು ಪದವು ಹುಟ್ಟಿಸಿದ ಅಪೇಕ್ಷೆಯನ್ನು ಇನ್ನೊಂದು ಪದವು ತೀರಿಸಬೇಕು. ಅರ್ಥಗಳು ಒಂದಕ್ಕೊಂದು ಹೊಂದಬೇಕು. ಪದಗಳು ಕಾಲವಿಳಂಬವಿಲ್ಲದೆ ಉಚ್ಚಾರಿತವಾಗಬೇಕು. ಈ ಮೂರನ್ನೂ ಕೃತಿಗೆ ಅನ್ವಯಿಸಿ ನೋಡಬಹುದು.

ಆಕಾಂಕ್ಷೆಯ ವಿಷಯದಲ್ಲಿ ಇಂಗ್ಲೆಂಡಿನ ಗಿಲ್ಡ್‌ಫರ್ಡಿನ ಹಲೋ ಗೇಮ್ಸ್ ಎಂಬ ಚಿಕ್ಕ ಸಂಸ್ಥೆಯವರ ‘ನೋ ಮ್ಯಾನ್ಸ್ ಸ್ಕೈ’ ಉದಾಹರಣೆ. ಗಣಿತಸೂತ್ರಗಳಿಂದಲೇ ಅಸಂಖ್ಯಾತ ಗ್ರಹಗಳು ಹುಟ್ಟುವ ಈ ಆಟವು 2013ರಲ್ಲಿ ಪ್ರಕಟವಾಗಿ, 2016ರ ಆಗಸ್ಟಿನಲ್ಲಿ ಹೊರಬಂದಿತು. ಆ ವಿಶ್ವದಲ್ಲಿ ಆಟಗಾರರು ಅಪೂರ್ವವಾಗಿಯಾದರೂ ಒಬ್ಬರನ್ನೊಬ್ಬರು ಸಂಧಿಸಬಹುದೆಂಬ ಮಾತು ಮುಂಚೆಯೇ ಹರಡಿತ್ತು. ಬಿಡುಗಡೆಯ ಹೊಸತರಲ್ಲಿಯೇ ಇಬ್ಬರು ಆಟಗಾರರು ಒಂದೇ ಸ್ಥಳಕ್ಕೆ ಬಂದು ನಿಂತರೂ ಒಬ್ಬರಿಗೊಬ್ಬರು ಕಾಣಿಸಲಿಲ್ಲ. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಮಂಡಲಿಯು ದೂರುಗಳನ್ನು ವಿಚಾರಿಸಿ, ಮಾರಾಟದ ಜಾಹೀರಾತಿನಲ್ಲಿ ವಂಚನೆಯಿಲ್ಲವೆಂದು ಅದೇ ವರ್ಷದ ನವೆಂಬರಿನಲ್ಲಿ ತೀರ್ಮಾನಿಸಿತು. ಜಾಹೀರಾತಿನ ನಿರ್ಣಯವು ಹಾಗಿರಲಿ. ವಿಮರ್ಶೆಯ ನಿರ್ಣಯವು ಬೇರೆ. ಆ ಆಟವು ತನ್ನಷ್ಟಕ್ಕೆ ಅಪೂರ್ಣವಾಗಿರಲಿಲ್ಲ, ತಾನೇ ಹುಟ್ಟಿಸಿದ ಆಕಾಂಕ್ಷೆಗೆ ಅಪೂರ್ಣವಾಗಿದ್ದಿತು. ಕರ್ತೃಗಳು ಮೊದಲೇ ಕಡಿಮೆ ಮಾತಾಡಿದ್ದರೆ ಅದೇ ಕೃತಿಯು ಅಂದೇ ಸಮಾಪ್ತವೆನಿಸುತ್ತಿದ್ದಿತು.

ಯೋಗ್ಯತೆಯ ಅಭಾವಕ್ಕೆ ‘ಬೆಂಕಿಯಿಂದ ತೋಯಿಸು’ ಎಂಬಂತಹ ವಾಕ್ಯವನ್ನು ಶಾಸ್ತ್ರಕಾರರು ತೋರಿಸುವರು. ಪದಗಳೆಲ್ಲ ಇವೆ, ವ್ಯಾಕರಣದೋಷವಿಲ್ಲ. ಆದರೆ ಬೆಂಕಿಗೆ ತೋಯಿಸುವ ಯೋಗ್ಯತೆಯಿಲ್ಲ. ಸೈಬರ್‌ಪಂಕ್ ಹಳೆಯ ಕನ್ಸೋಲುಗಳಲ್ಲಿ ಕಂಡುದು ಹೀಗೆಯೇ. ಕಥೆಯೂ ಪಾತ್ರಗಳೂ ನಗರವೂ ಇದ್ದುವು. ಹೊರಬೇಕಾದ ಯಂತ್ರಕ್ಕೆ ಹೊರುವ ಯೋಗ್ಯತೆ ಸಾಲಲಿಲ್ಲ. ಬಲವಾದ ಕಂಪ್ಯೂಟರಿನಲ್ಲಿ ಆಡಿದವನಿಗೆ ಅದೇ ಕೃತಿಯು ಬಹುಮಟ್ಟಿಗೆ ಅರ್ಥವನ್ನು ಕೊಟ್ಟಿತು. ಆದುದರಿಂದ ಸಮಾಪ್ತಿಯು ಕೃತಿಯೊಂದರಲ್ಲಿಯೇ ಇರುವ ಧರ್ಮವಲ್ಲ. ಅದು ಅಧಿಕಾರಿಯನ್ನೂ ಅವನ ಉಪಕರಣವನ್ನೂ ಅಪೇಕ್ಷಿಸುವ ಧರ್ಮವೆಂದು ಸಿದ್ಧವಾಗುತ್ತದೆ.

ಸನ್ನಿಧಿಯ ವಿಚಾರವು ಇನ್ನೂ ಮುಖ್ಯವಾದುದು. ‘ಹಸುವನ್ನು’ ಎಂದು ಈಗ ಹೇಳಿ, ‘ತಾ’ ಎಂದು ಒಂದು ಜಾವದ ಮೇಲೆ ಹೇಳಿದರೆ ಅದು ವಾಕ್ಯವಾಗುವುದಿಲ್ಲ. ನೋ ಮ್ಯಾನ್ಸ್ ಸ್ಕೈ ಆಟದಲ್ಲಿ ಆಟಗಾರರು ಪರಸ್ಪರ ಕಾಣುವಂತೆ ಸರಿಯಾಗಿ ಕೂಡಿ ಆಡುವ ಏರ್ಪಾಟು 2018ರ ಜುಲೈನಲ್ಲಿ ಬಂದಿತು. ಸೈಬರ್‌ಪಂಕಿನ ಆಟದ ಕ್ರಮವನ್ನೇ ಬದಲಾಯಿಸಿದ 2.0 ಎಂಬ ಪಾಠವು 2023ರ ಸೆಪ್ಟೆಂಬರ್ 21ರಂದು ಬಂದಿತು. ಇಂದು ಹೊಸದಾಗಿ ಕೊಳ್ಳುವವನಿಗೆ ಪದಗಳೆಲ್ಲ ಒಟ್ಟಿಗೆ ಕೇಳಿಸುವುದರಿಂದ ವಾಕ್ಯಾರ್ಥವು ಉಂಟಾಗುತ್ತದೆ. ಮೊದಲ ದಿನ ಹಣವನ್ನು ಕೊಟ್ಟು, ಆಡಿ, ಬೇಸತ್ತು ಬಿಟ್ಟವನಿಗೆ ಅದು ಎಂದೂ ವಾಕ್ಯವಾಗಲಿಲ್ಲ.

ಇಲ್ಲಿ ಪೂರ್ವಪಕ್ಷವೊಂದುಂಟು. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಒಂಬತ್ತು ಪಾಕಗಳನ್ನು ಹೇಳಿ, ಮೊದಲು ನೀರಸವಾಗಿದ್ದು ಕಡೆಗೆ ಸವಿಯಾಗುವ ಮೃದ್ವೀಕಾಪಾಕವನ್ನು, ಅಂದರೆ ದ್ರಾಕ್ಷಾಪಾಕವನ್ನು, ಗ್ರಾಹ್ಯವಾದವುಗಳಲ್ಲಿ ಎಣಿಸಿದ್ದಾನೆ. ಮೇಲಣ ಎರಡು ಆಟಗಳೂ ಕಡೆಗೆ ಮಾಗಿದುವು; ಆಡುವವರ ಮೆಚ್ಚಿಕೆಯನ್ನೂ ಮರಳಿ ಪಡೆದುವು. ಹಾಗಿರುವಲ್ಲಿ ಮೊದಲ ದಿನದ ಹುಳಿಯನ್ನು ಹಿಡಿದು ದೂರುವುದೇಕೆ ಎಂದು ಆಕ್ಷೇಪಿಸಬಹುದು. ಇದು ಸಾಧುವಲ್ಲ. ರಾಜಶೇಖರನ ವಿಭಾಗವು ಕಾವ್ಯಾಭ್ಯಾಸವನ್ನು ಮಾಡುತ್ತಿರುವ ಕವಿಗಳನ್ನು ಕುರಿತದ್ದು. ಆ ಅಭ್ಯಾಸವನ್ನು ಸಹೃದಯರ ಹಣದಿಂದ, ಅವರಿಗೆ ತಿಳಿಸದೆ ನಡಸಬಹುದೆಂದು ಅವನು ಹೇಳಿಲ್ಲ. ದ್ರಾಕ್ಷಿಯು ಹಣ್ಣಾಗುವುದೆಂಬುದು ನಿಜ. ಕಾಯನ್ನು ಹಣ್ಣಿನ ಬೆಲೆಗೆ ಹಣ್ಣೆಂದೇ ಮಾರಿದುದು ಅದರಿಂದ ಸಮರ್ಥಿತವಾಗುವುದಿಲ್ಲ.

ಕಾಯನ್ನು ಕಾಯೆಂದೇ ಹೇಳಿ ಕೊಡುವ ಮಾರ್ಗವೂ ಇಲ್ಲದಿಲ್ಲ. ಬೆಲ್ಜಿಯಂ ದೇಶದ ಗೆಂಟಿನಲ್ಲಿರುವ ಲೇರಿಯನ್ ಸಂಸ್ಥೆಯವರು ‘ಬಾಲ್ಡರ್ಸ್ ಗೇಟ್ 3’ ಎಂಬ ಆಟದ ಮೊದಲನೆಯ ಅಂಕವನ್ನು, ಇದು ಅಪೂರ್ಣವೆಂದು ಸ್ಪಷ್ಟವಾಗಿ ತಿಳಿಸಿ, 2020ರ ಅಕ್ಟೋಬರ್ 6ರಿಂದ ಮಾರಿದರು. ಆಡಿದವರ ಅಭಿಪ್ರಾಯವನ್ನು ಪಡೆದು ತಿದ್ದುತ್ತ, 2023ರ ಆಗಸ್ಟ್ 3ರಂದು ಪೂರ್ಣಕೃತಿಯನ್ನು ಹೊರತಂದರು. ಅದು ವಿಶೇಷವಾದ ಪ್ರಶಂಸೆಗೆ ಪಾತ್ರವಾಯಿತು. ಹಾಗಿದ್ದರೂ ಅದರ ಮೂರನೆಯ ಅಂಕದಲ್ಲಿ ಕುಂದುಗಳು ಕಂಡುವು; ಸಂಗಾತಿಗಳೊಡನೆ ಕಡೆಯ ಸಮಾಗಮವನ್ನು ತೋರಿಸುವ ಉಪಸಂಹಾರದೃಶ್ಯವು ಸೇರಿದುದು ಅದೇ ನವೆಂಬರ್ 30ರ ತಿದ್ದುಪಡಿಯಲ್ಲಿ. ಉತ್ತಮವೆನಿಸಿದ ಕೃತಿಗೂ ಬಿಡುಗಡೆಯ ದಿನದಲ್ಲಿ ಉಪಸಂಹಾರವು ಪೂರ್ಣವಾಗಿರಲಿಲ್ಲವೆಂದಮೇಲೆ ಬಿಡುಗಡೆಗೆ ಮುಂಚೆ ಸರ್ವಥಾ ನಿರ್ದುಷ್ಟವಾದ ಆಟವನ್ನು ನಿರೀಕ್ಷಿಸುವುದು ಯುಕ್ತವಲ್ಲ. ಅಪೂರ್ಣತೆಯೇ ದೋಷವಲ್ಲ, ಅಪೂರ್ಣತೆಯನ್ನು ಪೂರ್ಣತೆಯೆಂದು ಭಾವಿಸುವಂತೆ ಮಾಡುವುದು ದೋಷ.

ಇನ್ನು ಉಳಿದುದು ಪಾಠದ ಪ್ರಶ್ನೆ. ಅಂತರ್ಜಾಲದ ಅಂಗಡಿಯಿಂದ ಆಟವನ್ನು ಪಡೆಯುವವನಿಗೆ ಸಾಮಾನ್ಯವಾಗಿ ದೊರೆಯುವುದು ಕಡೆಯ ಪಾಠವೊಂದೇ. ಹೊಸ ಪಾಠವು ಹಳೆಯದರ ಪಕ್ಕದಲ್ಲಿ ನಿಲ್ಲುವುದಿಲ್ಲ. ಅದರ ಮೇಲೆಯೇ ಕುಳಿತು ಅದನ್ನು ಅಳಿಸುತ್ತದೆ. 2020ರ ಡಿಸೆಂಬರಿನಲ್ಲಿ ವಿಮರ್ಶಕನು ಹೇಳಿದ ದೋಷವನ್ನು ಇಂದಿನ ಓದುಗನು ಪರೀಕ್ಷಿಸಲು ಹೋದರೆ ದೋಷವು ಕಾಣುವುದಿಲ್ಲ. ಸತ್ಯವನ್ನು ಹೇಳಿದ ಸಾಕ್ಷಿಯು ಸುಳ್ಳುಗಾರನಂತೆ ತೋರುತ್ತಾನೆ. ತಿದ್ದುಪಡಿಯಿಲ್ಲದ ಡಿಸ್ಕೇ ಇಲ್ಲಿ ಓಲೆಪ್ರತಿಯ ಸ್ಥಾನದಲ್ಲಿರುವುದು. ಅಂತಹ ಮೂಲಗಳನ್ನು ಸಂಗ್ರಹಿಸಿಡುವ ಕೆಲಸವೂ ಹಿಂದೆ ಬಿದ್ದಿದೆ. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಹೊರಬಂದ ಆಟಗಳಲ್ಲಿ ಶೇಕಡ 87ರಷ್ಟು ಮಾರಾಟದಲ್ಲಿ ದೊರೆಯುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿತು.

ಆದುದರಿಂದ ಆಟವನ್ನು ವಿಮರ್ಶಿಸುವವರು ಗ್ರಂಥಸಂಪಾದಕರ ನಿಯಮವನ್ನು ಅವಲಂಬಿಸತಕ್ಕದ್ದು. ಯಾವ ಪಾಠವನ್ನು, ಯಾವ ಯಂತ್ರದಲ್ಲಿ, ಯಾವ ದಿನ ಆಡಿದುದೆಂಬುದನ್ನು ವಿಮರ್ಶೆಯ ಮೊದಲಲ್ಲಿಯೇ ಹೇಳಬೇಕು. ಕರ್ತೃಗಳೂ ‘ಮುಗಿಯಿತು’ ಎನ್ನುವಾಗ ಅಚ್ಚಿಗೋ, ಮಾರಾಟಕ್ಕೋ, ತಮ್ಮ ಮನಸ್ಸಿಗೋ ಎಂಬುದನ್ನು ವಿಶದಪಡಿಸಬೇಕು. ಹಿಂದಿನ ಲಿಪಿಕಾರನು ಸಮಾಪ್ತಿವಾಕ್ಯದೊಡನೆ ತಿಥಿಯನ್ನು ಬರೆದುದರಿಂದ ಅವನ ಪ್ರತಿಯು ಇಂದಿಗೂ ಸಾಕ್ಷ್ಯಕ್ಕೆ ಬರುತ್ತದೆ. ಎಂದಿಗೂ ಮುಗಿಯದ ಕೃತಿಗಳಿಗೂ ತಿಥಿಯನ್ನು ಬರೆಯಲು ಅಡ್ಡಿಯೇನೂ ಇಲ್ಲ.