ಧಾತುವೂ ಮಾತೂ: ಶರೀಫರ ತತ್ತ್ವಪದಗಳು ಮತ್ತು ರಾಕ್ ವಾದ್ಯವೃಂದ

ಮಾತು ಮತ್ತು ಧಾತು, ಎಂದರೆ ಸಾಹಿತ್ಯ ಮತ್ತು ಸ್ವರರಚನೆ, ಇವೆರಡನ್ನೂ ತಾನೇ ನಿರ್ಮಿಸುವವನನ್ನು ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ವಾಗ್ಗೇಯಕಾರನೆಂದು ಕರೆದಿರುವನು. ಪರರ ಧಾತುವಿಗೆ ಮಾತನ್ನು ಕೂಡಿಸುವವನು ಕುಟ್ಟಿಕಾರನು. ಇದಕ್ಕೆ ವಿಪರೀತವಾಗಿ, ಪೂರ್ವಕವಿಯ ಮಾತಿಗೆ ನೂತನ ಧಾತುವನ್ನು ತೊಡಿಸಿದಾಗ ಆ ಮಾತಿನ ಗತಿಯೇನು? ಕನ್ನಡ ರಾಕ್ ಸಂಗೀತದ ಚರಿತ್ರೆಯು ಈ ಪ್ರಶ್ನೆಯನ್ನು ವಿಮರ್ಶಕರ ಮುಂದಿಟ್ಟಿರುವುದು.

ಬೆಂಗಳೂರಿನಲ್ಲಿ ೧೯೯೬ರಲ್ಲಿ ಹುಟ್ಟಿದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ಎಂಬ ವೃಂದವು ಇಂಗ್ಲಿಷಿನಲ್ಲಿ ಸ್ವಂತ ಗೀತಗಳನ್ನು ರಚಿಸಿ ಹಾಡಿತು. ೧೯೯೮ರಲ್ಲಿ ಮೈಸೂರಿನಲ್ಲಿ ರಘು ದೀಕ್ಷಿತರೂ ಪಿಟೀಲುವಾದಕ ಎಚ್. ಎನ್. ಭಾಸ್ಕರರೂ ಕೂಡಿ 'ಅಂತರಾಗ್ನಿ'ಯನ್ನು ಸ್ಥಾಪಿಸಿದರು. ಆ ವೃಂದವು ಚದುರಿದ ಮೇಲೆ ದೀಕ್ಷಿತರು 'ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ವೃಂದವನ್ನು ಕಟ್ಟಿದರು. ೨೦೦೨ರಲ್ಲಿ 'ಸ್ವರಾತ್ಮ' ಹುಟ್ಟಿತು. ೨೦೦೮ರಲ್ಲಿ ಹೊರಬಂದ ದೀಕ್ಷಿತರ ಮೊದಲ ಧ್ವನಿಸಂಪುಟದಲ್ಲಿ ಹಿಂದಿ ಮತ್ತು ಇಂಗ್ಲಿಷ್ ಗೀತಗಳ ನಡುವೆ ಶಿಶುನಾಳ ಶರೀಫರ ಎರಡು ಪದಗಳು ಸೇರಿದ್ದವು: 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ'. ೨೦೧೩ರ 'ಜಗ್ ಚಂಗಾ' ಸಂಪುಟದಲ್ಲಿ 'ಕೋಡಗನ್ನ ಕೋಳಿ ನುಂಗಿತ್ತ' ಬಂದಿತು.

ಶರೀಫರು (೧೮೧೯–೧೮೮೯) ತುಂಗಭದ್ರೆಯ ಆಚೆಯವರಾದರೂ ಅವರ ಪದಗಳು ನದಿಯ ಎಲ್ಲೆಯನ್ನು ಮನ್ನಿಸಿದವಲ್ಲ. ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು ಭಜನೆಯ ಸೀಮೆ. ಏಕತಾರಿ ದಮ್ಮಡಿಗಳೊಡನೆ ತತ್ತ್ವಪದವನ್ನು ಕೇಳಿದ ಕಿವಿಗಳು ಅಲ್ಲಿವೆ. ಆ ಮನೆಗಳ ಮಕ್ಕಳೇ ಇಂದು ಅದೇ ಪದವನ್ನು ಗಿಟಾರಿನೊಡನೆ ಕೇಳುತ್ತಿರುವರು. ಹಿರಿಯರು ಇದನ್ನು ಅಪಚಾರವೆನ್ನುವರು. ಕಿರಿಯರು ಭಜನೆಯನ್ನು ಜಡವೆನ್ನುವರು. ಎರಡೂ ಪಕ್ಷಗಳು ವಿಚಾರಕ್ಕೆ ನಿಲ್ಲತಕ್ಕವಲ್ಲ.

ವಾದ್ಯವು ಪರದೇಶದ್ದೆಂಬ ಆಕ್ಷೇಪವು ದುರ್ಬಲವಾದುದು. ಭಜನೆಯಲ್ಲಿ ಇಂದು ಅನಿವಾರ್ಯವೆನಿಸಿರುವ ಹಾರ್ಮೋನಿಯಮ್ಮು ಯೂರೋಪಿನಿಂದ ಬಂದುದೇ ಸರಿ. ಅಬ್ಬರವೆಂಬ ಆಕ್ಷೇಪವೂ ನಿಲ್ಲದು. ಜಾತ್ರೆಯ ಸಮಾಳ ನಂದಿಕೋಲುಗಳನ್ನೂ ಮೈಲಾರದ ಗೊರವರ ಡಮರುಗವನ್ನೂ ಕೇಳಿದವರು ಭಕ್ತಿಯು ಮೆಲುದನಿಯಲ್ಲಿ ಮಾತ್ರ ಇರುವುದೆನ್ನಲಾರರು. ಅದೇ ಮೈಲಾರದಲ್ಲಿ ಕಾರಣಿಕದ ಒಂದು ನುಡಿಗಾಗಿ ಅಷ್ಟು ದೊಡ್ಡ ಜನಸಮೂಹವೂ ಸದ್ದಡಗಿ ನಿಲ್ಲುವುದು. ಅಬ್ಬರಕ್ಕೂ ಮಾತಿಗೂ ತಕ್ಕ ಸ್ಥಾನಗಳನ್ನು ಆ ಸೀಮೆಯ ಜನರು ಶಾಸ್ತ್ರವನ್ನೋದದೆಯೇ ಬಲ್ಲರು.

ಆದಕಾರಣ ಪರೀಕ್ಷೆಯು ಮಾತಿನಿಂದಲೇ ನಡೆಯಬೇಕು. ಗುಡುಗುಡಿಯ ಪದವು ಸಾವಯವರೂಪಕ. ಮನಸ್ಸು ಸಂಚಿ, ನೆನಹು ಚಿಲುಮೆ, ಬುದ್ಧಿ ಬೆಂಕಿ, ಶರೀರ ಬುರುಡೆ, ಹೀಗೆ ಅವಯವಗಳು ಒಂದೊಂದಾಗಿ ಕೂಡಿದಾಗಲೇ ಧೂಮಪಾನವು ಯೋಗಸಾಧನೆಯಾಗುವುದು. ಪಲ್ಲವಿಯೊಂದನ್ನೇ ಎತ್ತಿಕೊಂಡು ಕುಣಿದರೆ ಅಭಿಧೆಯಲ್ಲಿಯೇ ನಿಂತು, ಕವಿಯು ನಿವಾರಿಸಹೊರಟ ವ್ಯಸನದ ಸ್ತುತಿಯೇ ಉಳಿಯುವುದು. ಮಾಳಿಗೆಯ ಪದಕ್ಕೆ ಈ ಭಯವು ಕಡಿಮೆ. ಅಲ್ಲಿ ಅಜ್ಞಾನವೆಂಬ ಹೇತುವನ್ನು ಪಲ್ಲವಿಯಲ್ಲಿಯೇ ಹೇಳಿರುವುದರಿಂದ ಮನೆಯು ದೇಹವೆಂಬ ಅರ್ಥವು ಮೊದಲ ಆವೃತ್ತಿಯಲ್ಲಿಯೇ ಹೊಳೆಯುವುದು. ಕೋಡಗದ ಪದವು ಅತ್ಯಂತ ಸೂಕ್ಷ್ಮವಾದುದು. ವಚನಕಾರರ ಬೆಡಗಿನ ಪರಂಪರೆಗೆ ಸೇರಿದ ಈ ವಿರೋಧಾಭಾಸದ ಸರಣಿಯು, ಗುರು ಗೋವಿಂದನ ಪಾದವು ಆತ್ಮವನ್ನು ನುಂಗಿತೆಂಬ ಕೊನೆಯ ಮಾತಿನಲ್ಲಿ ಪರಿಹಾರವನ್ನು ಪಡೆಯುವುದು. ಅಲ್ಲಿಯವರೆಗೆ ಅದ್ಭುತ, ಅಲ್ಲಿಂದ ಶಾಂತ. ಶ್ರೋತೃವು ಆ ನಿಲುಗಡೆಗೆ ತಲುಪದಿದ್ದರೆ ವಿನೋದವು ದೊರೆತೀತು, ರಸವು ದೊರೆಯದು.

ಭಜನೆಯಲ್ಲಿ ಒಬ್ಬನು ಚರಣವನ್ನು ಹೇಳುವನು. ಮೇಳವು ಪಲ್ಲವಿಯನ್ನು ಹಿಂದಿರುಗಿಸುವುದು. ಆ ಮರುಕಳಿಕೆಯು ಹಿಂದಿನ ಚರಣದ ಅರ್ಥವನ್ನು ಅರಗಿಸಿಕೊಳ್ಳಲು ಅವಕಾಶವನ್ನೀಯುವುದು. ರಾಕ್ ರಂಗದಲ್ಲಿಯೂ ಸಭೆಯು ಪಲ್ಲವಿಯನ್ನು ಕೂಡಿ ಹಾಡುವುದುಂಟು. ರೂಪವು ಒಂದೇ, ಆದರೆ ಫಲವು ಬೇರೆಯಾಗಬಹುದು. ದೀಕ್ಷಿತರ ವೃಂದದ ಗುಡುಗುಡಿಯ ಓಟವು ಉತ್ಸಾಹವನ್ನು ಪುಷ್ಟಿಗೊಳಿಸುವುದು ನಿಜ. ಆ ಉತ್ಸಾಹವು ಚರಣದ ಕಡೆಗೆ ತಿರುಗಿದಷ್ಟೇ ಅದರ ಸಾರ್ಥಕ್ಯ.

೧೯೯೦ರ 'ಸಂತ ಶಿಶುನಾಳ ಶರೀಫ' ಚಲಚ್ಚಿತ್ರಕ್ಕಾಗಿ ಸಿ. ಅಶ್ವತ್ಥರು ಸಂಗೀತವನ್ನು ನೀಡಿದಾಗಲೂ ಮಠದ ಪದವು ಮಾರುಕಟ್ಟೆಗೆ ಬಂದಿತೆಂದು ಅಂಜಬಹುದಾಗಿತ್ತು. ಇಂದು ಶಾಲೆಯ ಮಕ್ಕಳು ಶರೀಫರನ್ನು ಬಲ್ಲವರಾಗಿದ್ದರೆ ಅದಕ್ಕೆ ಆ ಧಾಟಿಗಳೂ ಕಾರಣ. ಹಾಗೆಯೇ ಈ ವೃಂದವೂ ಮಾತನ್ನು ದೂರದವರ ಬಾಗಿಲಿಗೆ ಒಯ್ದಿದೆ. ಬಾಗಿಲನ್ನು ತೆರೆದವನ ಕೆಲಸ ಅಲ್ಲಿಗೆ ಮುಗಿಯಿತು. ಒಳಗೆ ಕರೆದೊಯ್ದು ಸಂಚಿ ಯಾವುದು, ಬೆಂಕಿ ಯಾವುದು ಎಂದು ತೋರಿಸುವುದು ಉಪಾಧ್ಯಾಯರ ಕೆಲಸ. ಆ ಭಾಗವನ್ನು ನಡೆಸದೆ ಗಿಟಾರನ್ನು ದೂಷಿಸುವುದು ನ್ಯಾಯವಲ್ಲ.