ಆಡ್ರಿ ಲಾರ್ಡ್ ಅವರ ಒಂದು ವಾಕ್ಯದ ತಾತ್ಪರ್ಯನಿರ್ಣಯ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕಪ್ಪು ಜನಾಂಗಕ್ಕೆ ಸೇರಿದ ಕವಯಿತ್ರಿ ಆಡ್ರಿ ಲಾರ್ಡ್ (೧೯೩೪–೧೯೯೨) ಅವರ ‘ಎ ಬರ್ಸ್ಟ್ ಆಫ್ ಲೈಟ್’ ಎಂಬ ಗದ್ಯಗ್ರಂಥವು ೧೯೮೮ರಲ್ಲಿ ಪ್ರಕಟವಾಯಿತು. ತನ್ನ ಯೋಗಕ್ಷೇಮವನ್ನು ತಾನು ನೋಡಿಕೊಳ್ಳುವುದನ್ನು ಸುಖಲೋಲುಪತೆಯಿಂದ ಬೇರ್ಪಡಿಸಿ, ಅದನ್ನು ಹೋರಾಟದ ಪಂಕ್ತಿಯಲ್ಲಿ ನಿಲ್ಲಿಸುವ ಒಂದು ವಾಕ್ಯವು ಅದರ ಕೊನೆಯ ಭಾಗದಲ್ಲಿ ಇರುವುದು. ಇಂದು ಆ ವಾಕ್ಯವು ಗ್ರಂಥಕ್ಕಿಂತಲೂ ಪ್ರಸಿದ್ಧವಾಗಿದೆ. ಲೇಪನದ್ರವ್ಯಗಳನ್ನೂ ಸುಗಂಧದ ಮೇಣಬತ್ತಿಗಳನ್ನೂ ಮಾರುವವರು ಸಹ ಅದನ್ನು ತಮ್ಮ ಸರಕಿಗೆ ಅಂಟಿಸಿಕೊಳ್ಳುತ್ತಾರೆ. ಪ್ರಕರಣದಿಂದ ಕಿತ್ತ ವಾಕ್ಯವು ಬೇರಿಲ್ಲದ ಗಿಡದಂತೆ; ಯಾರ ಕುಂಡದಲ್ಲಿ ನೆಟ್ಟರೂ ಕೆಲವು ದಿನ ನಿಂತಿರುವುದು, ಚಿಗುರುವುದು ಮಾತ್ರ ಇಲ್ಲ.

ಈ ವಾಕ್ಯದ ವಿಷಯದಲ್ಲಿ ಎರಡು ಪೂರ್ವಪಕ್ಷಗಳು ಕೇಳಿಬರುತ್ತವೆ. ಸುಖವಾಗಿರುವುದೇ ಒಂದು ಹೋರಾಟವೆಂದು ಲೇಖಕಿಯು ಅಪ್ಪಣೆ ಕೊಟ್ಟಿರುವರು ಎಂಬುದು ಮೊದಲನೆಯದು. ಇದನ್ನು ಮೆಚ್ಚಿ ಹೇಳುವವರು ಬಹಳ ಮಂದಿ. ಕಷ್ಟಕಾಲದಲ್ಲಿ ಸಮುದಾಯದ ಕೆಲಸವನ್ನು ಬಿಟ್ಟು ತನ್ನ ಆಯಾಸವನ್ನು ನೋಡಿಕೊಳ್ಳುವುದು ಸ್ವಾರ್ಥವೇ. ಅದಕ್ಕೆ ಯುದ್ಧವೆಂಬ ದೊಡ್ಡ ಹೆಸರನ್ನಿಟ್ಟಮಾತ್ರಕ್ಕೆ ಸ್ವಾರ್ಥತ್ವವು ಹೋಗಲಾರದು ಎಂಬುದು ಎರಡನೆಯದು. ಮೊದಲನೆಯವರು ಹೊಗಳುತ್ತಾರೆ, ಎರಡನೆಯವರು ತೆಗಳುತ್ತಾರೆ. ಆದರೆ ವಾಕ್ಯಕ್ಕೆ ಇಬ್ಬರೂ ಕಲ್ಪಿಸಿರುವ ಅರ್ಥವು ಒಂದೇ. ಆ ಅರ್ಥವು ಗ್ರಂಥಕ್ಕೆ ಸಮ್ಮತವೇ ಅಲ್ಲವೇ ಎಂಬುದು ವಿಚಾರಣೀಯ. ಉಪಕ್ರಮ, ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂದು ಪ್ರಾಚೀನರು ತಾತ್ಪರ್ಯನಿರ್ಣಯಕ್ಕೆ ಹೇಳಿರುವ ಲಿಂಗಗಳು ವೇದವಾಕ್ಯಗಳಿಗೆ ಮಾತ್ರವಲ್ಲ, ಬೆದಕಿ ಓದತಕ್ಕ ಯಾವ ಗದ್ಯಕ್ಕಾದರೂ ಒದಗುವುವು.

ಮೊದಲು ಉಪಕ್ರಮ. ಈ ಗ್ರಂಥದಲ್ಲಿರುವ ಐದು ಬರಹಗಳಲ್ಲಿ ಕೊನೆಯದೂ ದೊಡ್ಡದೂ ಆದುದು ದಿನಚರಿಯ ರೂಪದಲ್ಲಿದೆ. ಗ್ರಂಥಕ್ಕೆ ಹೆಸರನ್ನು ಕೊಟ್ಟಿರುವುದೂ ಅದೇ. ೧೯೭೮ರಲ್ಲಿ ಲಾರ್ಡ್ ಅವರಿಗೆ ಸ್ತನದ ಕ್ಯಾನ್ಸರ್ ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ೧೯೮೪ರ ಫೆಬ್ರವರಿಯಲ್ಲಿ, ಐವತ್ತನೆಯ ಹುಟ್ಟುಹಬ್ಬಕ್ಕೆ ಎರಡು ವಾರ ಉಳಿದಿರುವಾಗ, ಆ ರೋಗವು ಯಕೃತ್ತಿಗೆ ಹರಡಿರುವುದೆಂದು ವೈದ್ಯರು ತಿಳಿಸಿದರು. ದಿನಚರಿಯ ಪ್ರಾರಂಭವು ಈ ಸುದ್ದಿಯ ಸುತ್ತ ಇರುವುದು. ವಾಚಕರ ಮುಂದೆ ಮೊದಲಿಗೇ ನಿಲ್ಲುವವಳು ಬಿಡುವನ್ನು ಅರಸುವ ಸುಖಿಯಲ್ಲ. ಆಯುಸ್ಸಿಗೆ ಗಡುವು ಬಿದ್ದ ಒಬ್ಬ ದುಡಿಮೆಗಾರ್ತಿ. ಉಳಿದ ಕಾಲವನ್ನು ಯಾವುದಕ್ಕೆ, ಯಾರ ಮಾತಿನಂತೆ ವ್ಯಯಮಾಡಬೇಕೆಂಬುದೇ ಇಲ್ಲಿನ ಪ್ರಶ್ನೆ. ಈ ಉಪಕ್ರಮವನ್ನು ಓದಿದವರಿಗೆ ಮೊದಲನೆಯ ಪೂರ್ವಪಕ್ಷವು ಅಲ್ಲಿಯೇ ಸಡಿಲವಾಗತಕ್ಕುದು.

ಉಪಸಂಹಾರವು ಇನ್ನೂ ಸ್ಪಷ್ಟವಾಗಿದೆ. ಪ್ರಸಿದ್ಧವಾಕ್ಯದ ಹಿಂದಿನ ಕೆಲವು ಪಂಕ್ತಿಗಳನ್ನು ಉದ್ಧರಿಸುವವರು ವಿರಳ. ಅರ್ಥದ ಕೀಲಿ ಇರುವುದು ಅಲ್ಲಿಯೇ. ಶಕ್ತಿಯನ್ನು ಮೀರಿ ತನ್ನನ್ನು ಚೆಲ್ಲಿಕೊಳ್ಳುವುದರಿಂದ ಆಗುವ ಹಾನಿಯನ್ನು ಲೇಖಕಿಯು ಅಲ್ಲಿ ರೋಗನಿರೋಧಕ ಶಕ್ತಿಯ ಪರೀಕ್ಷೆಗಳಲ್ಲಿಯೂ ಕನಸುಗಳಲ್ಲಿಯೂ ಹುಡುಕುತ್ತಾರೆ. ಶಕ್ತಿಯನ್ನು ಹಿಗ್ಗಿಸಿಕೊಳ್ಳುವುದು ಬೇರೆ, ಶಕ್ತಿಯನ್ನು ಮೀರುವುದು ಬೇರೆ. ಇವೆರಡರ ಗಡಿಯನ್ನು ಕಾಯುತ್ತಿರುವುದು ಬಹಳ ಕಷ್ಟವೆಂದು ಒಪ್ಪಿಕೊಳ್ಳುತ್ತಾರೆ. ಈ ಎಚ್ಚರಿಕೆಯನ್ನು ಊಟದಲ್ಲಿ ಸಕ್ಕರೆಯನ್ನು ಕಡಿಮೆಮಾಡುವ ಪಥ್ಯಕ್ಕೆ ಹೋಲಿಸುತ್ತಾರೆ. ಪಥ್ಯವು ಭೋಗವಲ್ಲ, ನಿಯಮ. ಆದುದರಿಂದ ಇಲ್ಲಿ ವಿಹಿತವಾದುದು ಬೇಕಾದುದನ್ನು ಪಡೆಯುವುದಲ್ಲ, ಸಲ್ಲದ ಹೊರೆಯನ್ನು ಒಲ್ಲೆನೆನ್ನುವುದು. ಮೇಣಬತ್ತಿಯನ್ನು ಮಾರುವವರು ನಿಯಮವಾಕ್ಯವನ್ನು ಭೋಗವಾಕ್ಯವಾಗಿ ಓದಿರುವರು.

ಇಲ್ಲಿ ಸಂಸ್ಕೃತಾಭ್ಯಾಸಿಗಳಿಗೆ ‘ಕುಮಾರಸಂಭವ’ದ ಐದನೆಯ ಸರ್ಗವು ನೆನಪಿಗೆ ಬರುವುದು ಸಹಜ. ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವನು ಪಾರ್ವತಿಯನ್ನು ನೋಡಿ, ನಿನ್ನ ತಪಸ್ಸು ಶಕ್ತಿಗೆ ತಕ್ಕಷ್ಟೇ ನಡೆಯುತ್ತಿದೆಯೇ ಎಂದು ವಿಚಾರಿಸುತ್ತಾನೆ. ಧರ್ಮಸಾಧನಗಳಲ್ಲಿ ಮೊದಲನೆಯದು ದೇಹವೆಂಬ ಕಾರಣವನ್ನೂ ಹೇಳುತ್ತಾನೆ. ಚರಕನೂ ದೇಹವನ್ನು ಹೊತ್ತುನಿಲ್ಲಿಸುವ ಮೂರು ಉಪಸ್ತಂಭಗಳಲ್ಲಿ ನಿದ್ರೆಯನ್ನು ಎಣಿಸಿರುವನು. ಸಾಮ್ಯವು ನಿಜ, ಆದರೆ ಅದನ್ನು ಅಲ್ಲಿಗೇ ನಿಲ್ಲಿಸಬೇಕು. ಪಾರ್ವತಿಯ ತಪಸ್ಸು ಆಕೆಯು ತಾನಾಗಿ ಆರಿಸಿಕೊಂಡುದು, ತನ್ನ ಫಲಕ್ಕಾಗಿಯೇ ಮಾಡಿದುದು. ಲಾರ್ಡ್ ಅವರ ಜನಾಂಗದ ಸ್ತ್ರೀಯರ ಶ್ರಮವು ಬೇರೆಯವರು ಹೊರಿಸಿದುದು, ಫಲವೂ ಬೇರೆಯವರದು. ಈ ಭೇದವನ್ನು ಮರೆತು ಸಾಮ್ಯವನ್ನು ಮಾತ್ರ ಕೊಂಡಾಡಿದರೆ ಗ್ರಂಥದ ಮೊನೆಯು ಮೊಂಡಾಗುವುದು.

ಅಭ್ಯಾಸವೆಂದರೆ ಪುನಃಪುನಃ ಹೇಳುವಿಕೆ. ಪರೀಕ್ಷೆಗಾಗಿ ಯಕೃತ್ತನ್ನು ಕೊರೆಯಿಸಿಕೊಳ್ಳಲು ಒಪ್ಪದಿರುವುದು, ಬರ್ಲಿನ್ನಿನಲ್ಲಿ ಪಾಠ ಹೇಳುವುದು, ೧೯೮೫ರ ಡಿಸೆಂಬರಿನಲ್ಲಿ ಸ್ವಿಟ್ಸರ್ಲೆಂಡಿನ ಆರ್ಲೆಸ್‌ಹೈಮ್ ಊರಿನ ಚಿಕಿತ್ಸಾಲಯದಲ್ಲಿರುವುದು, ದಕ್ಷಿಣ ಆಫ್ರಿಕದ ಸೋದರಿಯರಿಗೆ ನೆರವನ್ನು ಕೂಡಿಸುವುದು, ಇವೆಲ್ಲವೂ ದಿನಚರಿಯಲ್ಲಿ ಬೆರೆತುಕೊಂಡು ಬರುತ್ತವೆ. ದೇಹದೊಳಗಿನ ರೋಗಕ್ಕೂ ಸಮಾಜದ ವರ್ಣದ್ವೇಷಕ್ಕೂ ಎದುರಾಗಿ ನಿಲ್ಲುವುದು ಒಂದೇ ಕೆಲಸವೆಂಬ ಭಾವವು ಮರುಕಳಿಸುತ್ತಿರುವುದು. ೧೯೮೦ರ ‘ದಿ ಕ್ಯಾನ್ಸರ್ ಜರ್ನಲ್ಸ್’ ಗ್ರಂಥದಲ್ಲಿಯೇ ಇದರ ಬೀಜವಿದೆ. ಶಸ್ತ್ರಚಿಕಿತ್ಸೆಯ ತರುವಾಯ ಕೃತಕ ಸ್ತನವನ್ನು ಧರಿಸದೆ ವೈದ್ಯರಲ್ಲಿಗೆ ಹೋದಾಗ, ಅಲ್ಲಿದ್ದ ದಾದಿಯು ಇದರಿಂದ ಉಳಿದವರ ಧೈರ್ಯವು ಕುಂದುವುದೆಂದು ಆಕ್ಷೇಪಿಸಿದಳು. ನೋಡುವವರ ನೆಮ್ಮದಿಗಾಗಿ ತನ್ನ ದೇಹದ ಸತ್ಯವನ್ನು ಮುಚ್ಚಲಾರೆನೆಂಬ ನಿಲುವು ಆತ್ಮಗೌರವದ ನಿಲುವು. ಹತ್ತು ವರ್ಷಗಳೊಳಗಿನ ಎರಡು ಗ್ರಂಥಗಳಲ್ಲಿ ಬೆಳೆದು ಬಂದ ಈ ಭಾವವೇ ಪ್ರಸಿದ್ಧವಾಕ್ಯದಲ್ಲಿ ಘನೀಭವಿಸಿದೆ.

ಇನ್ನು ಅರ್ಥವಾದದ ಆಕ್ಷೇಪ. ಯುದ್ಧವೆಂಬ ಮಾತು ಕೇವಲ ಪ್ರಶಂಸೆ. ಔಷಧವನ್ನು ಕುಡಿಯುವ ಮಗುವನ್ನು ಶೂರನೆಂದು ಹೊಗಳುವ ರೀತಿಯದು ಎಂದು ಯಾರಾದರೂ ಹೇಳಬಹುದು. ಚರಿತ್ರೆಯು ಇದನ್ನು ಒಪ್ಪುವುದಿಲ್ಲ. ದಾಸ್ಯವು ೧೮೬೫ರಲ್ಲಿ ಕೊನೆಗೊಂಡ ಮೇಲೆ ಎಷ್ಟೋ ಕಪ್ಪು ಸ್ತ್ರೀಯರು ಹೊಲದ ಕೂಲಿಯನ್ನು ಬಿಟ್ಟು ತಮ್ಮ ಮನೆಮಕ್ಕಳನ್ನು ನೋಡಿಕೊಳ್ಳತೊಡಗಿದರು. ಅವರು ದೊರೆಸಾನಿಯರಂತೆ ನಟಿಸುತ್ತಿರುವರೆಂದು ಜಮೀನ್ದಾರರು ಹಂಗಿಸಿದರು. ೧೮೮೧ರ ಬೇಸಗೆಯಲ್ಲಿ ಅಟ್ಲಾಂಟ ನಗರದ ಅಗಸಗಿತ್ತಿಯರು ತಮ್ಮ ದರವನ್ನು ತಾವೇ ಗೊತ್ತುಮಾಡಬೇಕೆಂದು ಮುಷ್ಕರ ಹೂಡಿದರು. ಇಪ್ಪತ್ತು ಮಂದಿಯಿಂದ ಮೊದಲಾದುದು ಕೆಲವೇ ವಾರಗಳಲ್ಲಿ ಸುಮಾರು ೩,೦೦೦ ಮಂದಿಗೆ ಬೆಳೆಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಅಂದರೆ ೧೯೧೮ರಲ್ಲಿ, ದುಡಿ ಇಲ್ಲವೆ ಯುದ್ಧಕ್ಕೆ ನಡೆ ಎಂಬ ಕಟ್ಟಳೆಗಳನ್ನು ದಕ್ಷಿಣದ ಕೆಲವು ಊರುಗಳಲ್ಲಿ ಮನೆಯಲ್ಲಿದ್ದ ಕಪ್ಪು ಸ್ತ್ರೀಯರ ಮೇಲೂ ಪ್ರಯೋಗಿಸಿದರು. ೧೯೩೫ರ ಸಾಮಾಜಿಕ ಭದ್ರತೆಯ ಶಾಸನವೂ, ಕೆಲಸದ ಗಂಟೆಗಳನ್ನೂ ಕನಿಷ್ಠ ಕೂಲಿಯನ್ನೂ ಗೊತ್ತುಮಾಡಿದ ೧೯೩೮ರ ಶಾಸನವೂ ಮನೆಗೆಲಸದವರನ್ನು ಹೊರಗೇ ಇಟ್ಟುವು. ಈ ಎರಡನೆಯ ಶಾಸನದ ಬಾಗಿಲು ಅವರಿಗೆ ತೆರೆದುದು ೧೯೭೪ರಲ್ಲಿ. ಆ ಕೆಲಸದಲ್ಲಿ ಬಹಳವಾಗಿ ಇದ್ದವರು ಯಾರೆಂಬುದು ಪ್ರಸಿದ್ಧ. ಎಲ್ಲಿ ಕೂತು ದಣಿವಾರಿಸಿಕೊಳ್ಳುವುದನ್ನೇ ಅಪರಾಧವೆಂದು ಎಣಿಸಿದರೋ, ಅಲ್ಲಿ ಕೂತುಕೊಳ್ಳುವುದು ಹೋರಾಟವೆಂಬುದು ಉತ್ಪ್ರೇಕ್ಷೆಯಲ್ಲ, ಸ್ವಭಾವೋಕ್ತಿ.

ಉಪಪತ್ತಿಗೂ ಕೊರತೆಯಿಲ್ಲ. ಅಮೆರಿಕದ ಆರೋಗ್ಯಶಾಸ್ತ್ರಜ್ಞೆ ಆರ್ಲಿನ್ ಜೆರೊನಿಮಸ್ ಅವರು ೧೯೯೨ರಲ್ಲಿ ‘ವೆದರಿಂಗ್’ ಎಂಬ ವಾದವನ್ನು ಮುಂದಿಟ್ಟರು. ಮಳೆಬಿಸಿಲಿಗೆ ಒಡ್ಡಿದ ಮರವು ಸವೆಯುವಂತೆ, ಅವಮಾನಗಳನ್ನೂ ಅಭಾವವನ್ನೂ ಬಾಳುದ್ದಕ್ಕೂ ಸಹಿಸಿದ ಕಪ್ಪು ಸ್ತ್ರೀಯರ ದೇಹವು ವಯಸ್ಸಿಗೆ ಮುಂಚೆಯೇ ಜೀರ್ಣವಾಗುವುದೆಂಬುದು ಅದರ ಸಾರ. ಸವೆತವು ಸಮಾಜದಿಂದ ಬರುವುದಾದರೆ, ಅದನ್ನು ತಡೆಯುವುದು ಖಾಸಗಿ ವಿನೋದವಾಗಲಾರದು.

ಅಪೂರ್ವತೆಯನ್ನು ತಿಳಿಯಲು ಹಿಂದಿನ ಸಾಹಿತ್ಯವನ್ನು ನೋಡಬೇಕು. ಜೋರಾ ನೀಲ್ ಹರ್ಸ್ಟನ್ ಅವರ ೧೯೩೭ರ ಕಾದಂಬರಿ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ನಲ್ಲಿ ದಾಸ್ಯವನ್ನು ಕಂಡ ಅಜ್ಜಿಯು ಮೊಮ್ಮಗಳಾದ ಜೇನಿಗೆ, ಕಪ್ಪು ಹೆಂಗಸನ್ನು ಲೋಕವು ಹೇಸರಗತ್ತೆಯನ್ನಾಗಿ ಮಾಡಿಕೊಂಡಿದೆಯೆಂದು ತಿಳಿಯಹೇಳುತ್ತಾಳೆ. ಹೊರೆಯ ಅರಿವು ಅಲ್ಲಿ ಪೂರ್ಣವಾಗಿದೆ. ಆದರೆ ಅಜ್ಜಿಗೆ ತೋರುವ ಬಿಡುಗಡೆಯು ಜಮೀನುಳ್ಳ ಗಂಡನ ಆಶ್ರಯವೊಂದೇ. ಮುಂದೆ ಹೊರೆಯನ್ನು ಹೊರುವ ಶಕ್ತಿಯನ್ನೇ ಕೊಂಡಾಡುವ ವಾಡಿಕೆಯು ಬೆಳೆಯಿತು. ಎಂತಹ ಹೊರೆಗೂ ಬಗ್ಗದ ಸ್ತ್ರೀ ಎಂಬ ಈ ಕಲ್ಪನೆಯನ್ನು ಮಿಶೆಲ್ ವ್ಯಾಲೆಸ್ ಅವರು ೧೯೭೯ರ ಗ್ರಂಥದಲ್ಲಿ ಖಂಡಿಸಿದರು. ಮರುವರ್ಷ ಪ್ರಕಟವಾದ ಟೋನಿ ಕೇಡ್ ಬಂಬಾರ ಅವರ ‘ದಿ ಸಾಲ್ಟ್ ಈಟರ್ಸ್’ ಕಾದಂಬರಿಯ ನಾಯಿಕೆ ವೆಲ್ಮಾ ಹೆನ್ರಿಯು ಸಮುದಾಯದ ಕೆಲಸದಲ್ಲಿ ಬಳಲಿ ಪ್ರಾಣವನ್ನು ಬಿಡಲು ಯತ್ನಿಸಿದವಳು. ಚಿಕಿತ್ಸೆ ಮಾಡುವ ವೃದ್ಧೆ ಮಿನ್ನಿ ರ್‍ಯಾನ್ಸಮ್ ಮೊಟ್ಟಮೊದಲು ಅವಳನ್ನು ಕೇಳುವುದು ರೋಗದ ಲಕ್ಷಣಗಳನ್ನಲ್ಲ. ಗುಣವಾಗುವ ಇಚ್ಛೆಯು ನಿಜವಾಗಿ ಇದೆಯೇ ಎಂದು. ಆರೋಗ್ಯವೆಂದರೆ ಹಗುರವಲ್ಲ, ಅದಕ್ಕೂ ಒಂದು ಭಾರವುಂಟೆಂಬ ಈ ಸೂಕ್ಷ್ಮವು ಲಾರ್ಡ್ ಅವರ ದಿನಚರಿಗೆ ಸೋದರಿಯಂತಿದೆ. ಆದರೆ ಬಂಬಾರರಲ್ಲಿ ಚಿಕಿತ್ಸೆಯನ್ನು ಮಾಡುವವಳು ಇನ್ನೊಬ್ಬಳು. ರೋಗಿಯೂ ತಾನೇ, ತನ್ನ ಆರೈಕೆಯನ್ನು ನಿರ್ಧರಿಸುವವಳೂ ತಾನೇ ಆಗಿ, ಆ ಎರಡನ್ನೂ ದಿನದಿನವೂ ಬರೆದಿಟ್ಟುದು ಲಾರ್ಡ್ ಅವರಲ್ಲಿ ಅಪೂರ್ವವಾದುದು.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳಬೇಕು. ಒಬ್ಬಳು ಕೆಲಸವನ್ನು ಕೆಳಗಿಟ್ಟರೆ ಅದನ್ನು ಎತ್ತಿಕೊಳ್ಳುವವರು ಯಾರು? ಈ ಪ್ರಶ್ನೆಗೆ ದಿನಚರಿಯಲ್ಲಿ ಸಾಕಷ್ಟು ಉತ್ತರವಿಲ್ಲ. ಲಾರ್ಡ್ ಅವರು ನ್ಯೂಯಾರ್ಕಿನ ಹಂಟರ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಸ್ನೇಹಿತೆಯರ ದೊಡ್ಡ ಬಳಗವುಳ್ಳವರು. ವಿದೇಶದ ಚಿಕಿತ್ಸೆಯು ಅವರಿಗೆ ಶ್ರಮದಿಂದಾದರೂ ಸಾಧ್ಯವಾಯಿತು. ದಿನಗೂಲಿಯ ಮನೆಗೆಲಸದವಳಿಗೆ ಈ ಪಥ್ಯವು ಎಟಕುವುದು ಹೇಗೆ? ಎರಡನೆಯ ಪೂರ್ವಪಕ್ಷದಲ್ಲಿ ಏನಾದರೂ ಸಾರವಿದ್ದರೆ ಅದು ಇಷ್ಟೇ. ಬೆಲ್ ಹುಕ್ಸ್ (೧೯೫೨–೨೦೨೧) ಅವರು ೧೯೯೩ರ ‘ಸಿಸ್ಟರ್ಸ್ ಆಫ್ ದಿ ಯಾಮ್’ ಗ್ರಂಥದಲ್ಲಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿರುವರು. ಬಂಬಾರರ ಕಾದಂಬರಿಯಿಂದ ಪಡೆದ ಆ ಹೆಸರನ್ನು ಅವರು ತಮ್ಮ ವಿದ್ಯಾರ್ಥಿನಿಯರು ಸೇರುತ್ತಿದ್ದ ಕೂಟಕ್ಕೆ ಮೊದಲು ಇಟ್ಟಿದ್ದರು. ಸತ್ಯವನ್ನು ಆಡುವುದು, ದುಃಖಿಸುವುದು, ಯೋಗ್ಯವಾದ ಕೆಲಸವನ್ನು ಆರಿಸುವುದು, ಇವೆಲ್ಲ ಒಂಟಿಯಾಗಿ ಆಗತಕ್ಕವಲ್ಲ, ಕೂಟದಲ್ಲಿ ಆಗತಕ್ಕವೆಂಬುದು ಅಲ್ಲಿನ ಸಿದ್ಧಾಂತ. ಶೈಲಿಯಲ್ಲಿ ಲಾರ್ಡ್ ಅವರ ತೀಕ್ಷ್ಣತೆಯಿಲ್ಲ. ವಿಚಾರದಲ್ಲಿ ಒಂದು ಹೆಜ್ಜೆ ಮುಂದಿದೆ.

ಟ್ರಿಶಿಯ ಹರ್ಸಿ ಅವರು ೨೦೧೬ರಲ್ಲಿ ‘ನ್ಯಾಪ್ ಮಿನಿಸ್ಟ್ರಿ’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಜನರು ಒಂದೆಡೆ ಸೇರಿ ಮಲಗುವ ಕೂಟಗಳನ್ನು ಏರ್ಪಡಿಸಿದರು. ೨೦೨೨ರಲ್ಲಿ ‘ರೆಸ್ಟ್ ಈಸ್ ರೆಸಿಸ್ಟೆನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ದಾಸ್ಯದಲ್ಲಿ ದೇಹವನ್ನು ಯಂತ್ರವನ್ನಾಗಿ ಮಾಡಿದ ಬುದ್ಧಿಯೇ ಇಂದಿಗೂ ದುಡಿಮೆಯನ್ನು ಆಳುತ್ತಿದೆಯೆಂಬುದು ಅವರ ವಾದ. ಘೋಷಣೆಯ ಧಾಟಿಯಿಂದಾಗಿ ಇಲ್ಲಿ ಪುನರುಕ್ತಿಯು ಹೆಚ್ಚು. ಲಾರ್ಡ್ ಅವರು ಕಷ್ಟವೆಂದು ಒಪ್ಪಿದ ಗಡಿಯು ಇಲ್ಲಿ ಬಲು ಸುಲಭವಾಗಿ ದಾಟಿಹೋಗುವುದು. ಆದರೆ ಅಜ್ಜಿ ಓರಾ ಅವರ ಚಿತ್ರವೊಂದು ಇಡೀ ಗ್ರಂಥವನ್ನು ಎತ್ತಿಹಿಡಿಯುವುದು. ಮಿಸಿಸಿಪ್ಪಿಯ ವರ್ಣದ್ವೇಷದ ಹಿಂಸೆಯಿಂದ ತಪ್ಪಿಸಿಕೊಂಡು ಚಿಕಾಗೊ ನಗರಕ್ಕೆ ಬಂದು, ದುಡಿದು ಸಂಸಾರವನ್ನು ಸಾಕಿದ ಆಕೆಯು ಪ್ರತಿದಿನವೂ ಅರ್ಧ ಗಂಟೆಯಾದರೂ ಕಣ್ಣುಮುಚ್ಚಿ ಕೂತಿರುತ್ತಿದ್ದರು. ಅದು ನಿದ್ರೆಯಲ್ಲ, ಕಿವಿಗೊಡುವಿಕೆ ಎಂಬುದು ಆಕೆಯ ಅಭಿಪ್ರಾಯ. ಹಣವಿಲ್ಲದವಳಿಗೆ ಈ ನಿಯಮವು ಎಟಕುವುದು ಹೇಗೆಂಬ ಪ್ರಶ್ನೆಗೆ, ಸಿದ್ಧಾಂತವು ಕೊಡದ ಉತ್ತರದ ಒಂದು ಅಂಶವನ್ನು ಈ ಅಜ್ಜಿಯು ಕೊಟ್ಟಿರುವರು. ಉಳಿದ ಅಂಶವನ್ನು ಕೊಡಬೇಕಾದುದು ಕೂಲಿಯ ದರವೂ ಶಾಸನವೂ. ಅಟ್ಲಾಂಟದ ಅಗಸಗಿತ್ತಿಯರು ಇದನ್ನು ೧೮೮೧ರಲ್ಲಿಯೇ ಅರಿತಿದ್ದರು.

ಫಲವೂ ತಾತ್ಪರ್ಯಕ್ಕೆ ಅನುಗುಣವಾಗಿದೆ. ಯಕೃತ್ತಿನ ರೋಗವನ್ನು ಕೇಳಿದ ಮೇಲೆ ಲಾರ್ಡ್ ಅವರು ಎಂಟು ವರ್ಷಗಳಿಗೂ ಹೆಚ್ಚು ಕಾಲ ಬಾಳಿ, ಬರೆದು, ೧೯೯೨ರ ನವೆಂಬರಿನಲ್ಲಿ ಸೇಂಟ್ ಕ್ರೋಯಿ ದ್ವೀಪದಲ್ಲಿ ತೀರಿಕೊಂಡರು. ಶರೀರವನ್ನು ಕಾಯ್ದುದು ಕೆಲಸದಿಂದ ತಪ್ಪಿಸಿಕೊಳ್ಳುವುದಕ್ಕಲ್ಲ, ತನ್ನ ಕೆಲಸಕ್ಕೆ ತಾನು ಉಳಿಯುವುದಕ್ಕೆ. ಆದರೆ ಕೆಲಸಕ್ಕೆ ಉಪಕರಣವಾದುದರಿಂದ ಮಾತ್ರ ದೇಹಕ್ಕೆ ಬೆಲೆಯೆಂದೂ ಎಣಿಸಬಾರದು. ಹಾಗೆ ಎಣಿಸಿದವರು ದಾಸರ ಒಡೆಯರು. ಬೆಲೆಯು ಮೊದಲೇ ಇರುವುದು, ಕೆಲಸವು ಆಮೇಲೆ ಬರುವುದು.

ಕನ್ನಡದಲ್ಲಿ ಈ ವಾಕ್ಯವನ್ನು ಪಾಠಹೇಳುವವರು ಪದಗಳನ್ನು ಆರಿಸುವಾಗ ಎಚ್ಚರವಾಗಿರಬೇಕು. ‘ಸ್ವಸುಖ’ವೆಂದರೆ ಅರ್ಥವು ಕೆಡುವುದು, ‘ಸ್ವಹಿತ’ವೆಂದರೆ ಲೆಕ್ಕಾಚಾರದ ವಾಸನೆ ಬರುವುದು. ‘ಆತ್ಮರಕ್ಷಣೆ’ ಎಂಬುದು ಹೆಚ್ಚು ಸಮೀಪವಾದುದು. ಎದುರಾಳಿಯ ಪೆಟ್ಟನ್ನು ತಡೆಯುವುದೆಂಬ ರೂಢಾರ್ಥವೂ ತನ್ನನ್ನು ಕಾಪಾಡಿಕೊಳ್ಳುವುದೆಂಬ ಯೌಗಿಕಾರ್ಥವೂ ಅದರಲ್ಲಿ ಕೂಡಿರುವುದರಿಂದ, ಮೂಲದಲ್ಲಿರುವ ಪಥ್ಯ ಮತ್ತು ಯುದ್ಧ ಇವೆರಡಕ್ಕೂ ಅಲ್ಲಿ ಎಡೆಯುಂಟು. ಪದವು ಯಾವುದಾದರೂ ಆಗಲಿ, ಹಿಂದಿನ ಪಂಕ್ತಿಗಳನ್ನು ಬಿಟ್ಟು ಆ ವಾಕ್ಯವೊಂದನ್ನೇ ಹಲಗೆಯ ಮೇಲೆ ಬರೆಯಬಾರದು. ಸಕ್ಕರೆಯನ್ನು ಬಿಡುವ ಮಾತನ್ನು ಓದದವರಿಗೆ ಯುದ್ಧದ ಮಾತನ್ನು ಓದುವ ಅಧಿಕಾರವು ಇನ್ನೂ ಬಂದಿಲ್ಲ.